ಇಬ್ಬರ ನಂತರ

ಬರ್ಲಿ, ಬರ್ಲಿ, ಬರ್ಲಿ — ಕೆಳಗೆ ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ ಬಸ್ಸೊಂದು ಹಿಂದಕ್ಕೆ ಬರುತ್ತಿದೆ, ಕಂಡಕ್ಟರ್ ಅದರ ಮೈಗೆ ಅಂಗೈಯಿಂದ ಬಡಿಯುತ್ತಿದ್ದಾನೆ, ವಕೀಲರ ಮಹಡಿ ಕೋಣೆಯ ಕಿಟಕಿಯಿಂದ ಬರೀ ಬಸ್ಸಿನ ನೆತ್ತಿ ಕಾಣುತ್ತದೆ, ನೆತ್ತಿಯ ಮೇಲೊಂದು ಒಂಟಿ ಚಪ್ಪಲಿ, ಅಲ್ಲಿಗೆ ಹೇಗೆ ಹೋಯಿತೋ, ಯಾರ ಕಾಲಿನದೋ — ಬರ್ಲಿ ಬರ್ಲಿ ಎಂದಳು ಭುವನಾ, ಪಕ್ಕದ ಕುರ್ಚಿಯಿಂದ, ಆ ಕಂಡಕ್ಟರನ ದನಿಯಲ್ಲೇ, ಮೂವತ್ತನಾಲ್ಕು ವರ್ಷದ ಮಗಳು, ಕೇಳಿದ ಮಾತಿನ ತುದಿ ಹಿಡಿದು ಹಾಗೇ ವಾಪಸ್ಸು ಕೊಡುವುದನ್ನು ಬಿಟ್ಟರೆ ತನ್ನದೇ ಅಂತ ಅವಳಿಗಿರುವ ಮಾತು ಎಂಟೋ ಹತ್ತೋ, ನೀರು, ಅನ್ನ, ಅಮ್ಮ, ಸಾಕು, ಮನೆ — ಜಯದೇವಪ್ಪ ನಗಲು ಹೋಗಿ ಆ ಕಡೆ ಕೂತ ಹೆಂಡತಿಯ ಮುಖ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದ. ಕರಿಬಸಮ್ಮ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ವಕೀಲ ಷಡಕ್ಷರಿಯ ತುಟಿಯನ್ನೇ ನೋಡುತ್ತಿದ್ದಳು. ಅವನು ಕಂಪ್ಯೂಟರ್ ನೋಡಿಕೊಂಡು ಓದುತ್ತಿದ್ದ, ಅಜ್ಜಂಪುರದ ವಾಸಿ ಜಯದೇವಪ್ಪ ಮತ್ತು ಅವರ ಧರ್ಮಪತ್ನಿ ಕರಿಬಸಮ್ಮ ಆದ ನಾವಿಬ್ಬರೂ ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಬರೆಸಿಟ್ಟ ಕುಟುಂಬ ಟ್ರಸ್ಟ್ ಪತ್ರ — ಬುಕ್ಕಾಂಬುಧಿ ಕೆರೆಯ ಹಿಂದಿನ ಮೂರು ಎಕರೆ ತೆಂಗಿನ ತೋಟ, ಅಜ್ಜಂಪುರದ ಮನೆ, ಬ್ಯಾಂಕಿನ ಠೇವಣಿ, ಎಲ್ಲವೂ ಇನ್ನು ಮುಂದೆ ಟ್ರಸ್ಟಿನದು, ಅನುಭವಿಸುವವಳು ಮಗಳು ಭುವನಾ, ಅವಳ ಜೀವ ಇರುವವರೆಗೆ. ವಿಲ್ ಬರೆದ್ರೆ ಸಾಲದಾ ಎಂದು ಮೊದಲ ಸಲ ಬಂದಾಗ ಜಯದೇವಪ್ಪ ಕೇಳಿದ್ದ, ವಿಲ್ ಬರೆದ್ರೆ ಆಸ್ತಿ ಮಗಳ ಹೆಸರಿಗೆ ಹೋಗುತ್ತೆ ಸಾರ್, ಆಮೇಲೆ ಸೈನ್ ಹಾಕೋರ್ಯಾರು ಎಂದಿದ್ದ ಷಡಕ್ಷರಿ.

ಇಬ್ಬರೂ ಬದುಕಿರುವವರೆಗೆ ಗಂಡ ಹೆಂಡತಿ ಇಬ್ಬರೂ ಟ್ರಸ್ಟಿಗಳು, ಒಬ್ಬರು ತೀರಿಕೊಂಡ ಪಕ್ಷದಲ್ಲಿ ಉಳಿದವರು ಒಬ್ಬರೇ, ಇಬ್ಬರ ನಂತರ — ಎಂದು ಓದಿ ಷಡಕ್ಷರಿ ನಿಲ್ಲಿಸಿದ, ಮೂರನೇ ಸಲ ಬಂದಿದ್ದಾರೆ, ಮೂರು ಸಲವೂ ಇಲ್ಲಿಗೇ ನಿಲ್ಲುತ್ತದೆ, ಇಬ್ಬರ ನಂತರ ಎಂದ ಮೇಲೆ ಬರೀ ಚುಕ್ಕೆಗಳ ಸಾಲು. ಯಾರ ಹೆಸರು ಸಾರ್? ಯಾರದು, ಯಾರದು ಹೇಳಬೇಕು, ದಾವಣಗೆರೆಯ ನಾದಿನಿಗೆ ಮಂಡಿ ನೋವು, ಎದ್ದು ನಿಲ್ಲಲಾರಳು, ಕರಿಬಸಮ್ಮನ ತಮ್ಮ ಕಾಫಿ ಕೊಟ್ಟು ಕೂರಿಸಿ ಒಳ್ಳೆಯ ಮಾತಿನಲ್ಲೇ ಹೇಳಿದ, ನಮ್ದೇ ನಮಗೆ ಹಾಸಿ ಹೊದೆಯೋವಷ್ಟು ಐತೆ ಅಕ್ಕಯ್ಯ, ಮಠದ ಶಾಲೆಯಲ್ಲಿ ಕೇಳಿದರೆ ಹದಿನೆಂಟು ತುಂಬಿದವರನ್ನು ಇಟ್ಟುಕೊಳ್ಳುವುದಿಲ್ಲ ಎಂದರು, ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಯಾರು ಹೇಳಿದ್ದರಲ್ಲೂ ತಪ್ಪಿಲ್ಲ, ಹೀಗೆ ಒಬ್ಬೊಬ್ಬರ ಮನೆಯ ಮೆಟ್ಟಿಲನ್ನೂ ಗಂಡ ಹೆಂಡತಿ ಇಳಿದರು. ಉಳಿದವನು ಒಬ್ಬನೇ, ಜಯದೇವಪ್ಪನ ತಮ್ಮನ ಮಗ ಓಂಕಾರೇಶ, ಕಡೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು, ಅವನಾಗಿಯೇ ಫೋನ್ ಮಾಡಿ ಹೇಳಿದ್ದ, ದೊಡ್ಡಪ್ಪ, ನಾವಿಲ್ವಾ, ಸುಮನಾನೂ ಹೂಂ ಅಂದವ್ಳೆ, ಸುಮನಾ ಅವನ ಹೆಂಡತಿ. ಅದನ್ನು ಮನೆಯಲ್ಲಿ ಹೇಳಿದಾಗ ಕರಿಬಸಮ್ಮ ಹೆರೆಯುತ್ತಿದ್ದ ಕಾಯಿಯಿಂದ ತಲೆ ಎತ್ತಲಿಲ್ಲ, ಅವರ ಮನೆ ಬ್ಯಾಡ, ಅಷ್ಟೇ, ಬೀದೀಲಿ ಬಿದ್ರೂ ಸರಿ ಅವರ ಮನೆ ಬ್ಯಾಡ ಕಣ್ರೀ. ಈಗಲೂ ಅದನ್ನೇ ಹೇಳಿದಳು, ವಕೀಲರಿಗೆ, ಅವರ ಮನೆಯೊಂದು ಬಿಟ್ಟು ಬೇರೆ ಏನಾದ್ರೂ ದಾರಿ ಹೇಳಿ. ಖಾಲಿ ಬಿಟ್ಟೇ ರಿಜಿಸ್ಟ್ರಿ ಮಾಡಿಸಬಹುದು ಅಮ್ಮ, ಮುಂದೆ ಕೋರ್ಟು ಯಾರನ್ನಾದ್ರೂ ನೇಮಿಸುತ್ತೆ, ಅವರು ಯಾರೋ ಎಂಥವರೋ ನಾನು ಹೇಳಕ್ಕಾಗಲ್ಲ ಎಂದ ಷಡಕ್ಷರಿ. ಯಾರೋ ಎಂಥವರೋ. ಯುಗಾದಿಯ ಮುಂಚೆ ಶಿವಮೊಗ್ಗದಲ್ಲಿ ಎದೆಗೆ ಸ್ಟೆಂಟ್ ಹಾಕಿ ಮಲಗಿಸಿದ ದಿನ ಜಯದೇವಪ್ಪನ ಕಣ್ಣ ಮುಂದೆ ಬಂದದ್ದು ಸಾವಲ್ಲ, ಯಾರೋ ಒಬ್ಬ ಎಂಥವನೋ ಒಬ್ಬ ಭುವನಾಳ ಸ್ನಾನದ ಮನೆಯ ಬಾಗಿಲು ತಳ್ಳುವುದು.

ಹೇಳಿಬಿಡಬೇಕು, ಈಗ, ಇಲ್ಲೇ — ಆದರೆ ನಾಲಿಗೆ ಮೇಲಕ್ಕೆ ಅಂಟಿಕೊಂಡಿದೆ, ಆರು ವರ್ಷದಿಂದ ಅಂಟಿಕೊಂಡಿದೆ, ಇಪ್ಪತ್ತೊಂಬತ್ತು ವರ್ಷ ಲಕ್ಕವಳ್ಳಿ ಡ್ಯಾಮಿನಲ್ಲಿ ದಿನಾ ಬೆಳಿಗ್ಗೆ ನೀರಿನ ಮಟ್ಟ ಬರೆದವನು, ಜ್ವರ ಬಂದ ದಿನವೂ ಟೋಪಿ ಹಾಕಿಕೊಂಡು ಹೋಗಿ ಅಳತೆ ನೋಡಿಯೇ ಬರೆದವನು, ಅಂದಾಜಿಗೆ ಒಂದಂಗುಲ ಬರೆದವನಲ್ಲ, ಅಂಥವನು ಮನೆಯಲ್ಲಿ ಆರು ವರ್ಷ ಒಂದು ಸುಳ್ಳನ್ನು — ಸುಳ್ಳೂ ಅಲ್ಲ, ಬಾಯಿ ಮುಚ್ಚಿಕೊಂಡದ್ದು, ಎಷ್ಟು ಸುಲಭ ಅದು, ಏನೂ ಮಾಡಬೇಕಾಗಿಲ್ಲ. ಭುವನಾಳ ಕೂದಲು ಆಗ ಸೊಂಟ ದಾಟುತ್ತಿತ್ತು. ಬೆಳಿಗ್ಗೆ ಅಂಗಳದ ಬಿಸಿಲಿಗೆ ಅವಳನ್ನು ಕೂರಿಸಿಕೊಂಡು ಕರಿಬಸಮ್ಮ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆಯುವುದಕ್ಕೆ ಒಂದು ತಾಸು, ಅಷ್ಟು ಹೊತ್ತೂ ಭುವನಾ ಕಾವಿಗೆ ಕೂತ ಗುಬ್ಬಿಯ ಹಾಗೆ ಸುಮ್ಮನೆ ಕೂರುತ್ತಿದ್ದಳು, ತಾಯಿಯ ಬೆರಳಿಗೆ ಮಾತ್ರ, ಬೇರೆಯವರ ಕೈ ತಲೆಗೆ ತಗುಲಿದರೆ ಊರು ಕೇಳುವ ಹಾಗೆ ಕಿರುಚುತ್ತಿದ್ದಳು, ಮದುವೆಮನೆಗೆ ಹೋದರೆ ಉಳಿದದ್ದಕ್ಕೆಲ್ಲ ಮುಖ ತಿರುಗಿಸುವ ಹೆಂಗಸರು ಆ ಜಡೆ ನೋಡಿ ಎಂಥಾ ಕೂದ್ಲು ನಿನ್ ಮಗಳ್ದು ಎನ್ನುತ್ತಿದ್ದರು, ಅದೊಂದು ಮಾತು ಹೊತ್ತು ತಂದು ಕರಿಬಸಮ್ಮ ವಾರಗಟ್ಟಲೆ ಅದರಲ್ಲೇ ಹಿಗ್ಗುತ್ತಿದ್ದಳು. ಕರಿಬಸಮ್ಮನ ಗರ್ಭಕೋಶದ ಆಪರೇಶನ್ನಿಗೆ ಶಿವಮೊಗ್ಗಕ್ಕೆ ಹೋಗುವಾಗ ಭುವನಾಳನ್ನು ಕಡೂರಿನಲ್ಲಿ ಓಂಕಾರೇಶನ ಮನೆಯಲ್ಲಿ ಬಿಟ್ಟರು, ಹತ್ತೇ ದಿನ. ನಾಲ್ಕನೇ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಾಗ ಸುಮನಾಳ ಫೋನು, ಮಾವ, ಬಾಚಣಿಗೆ ಕಂಡ್ರೆ ಕಚ್ಚಕ್ಕೆ ಬತ್ತಾಳೆ, ಕೂದ್ಲೆಲ್ಲ ಗಂಟಾಗೈತೆ, ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡವ್ಳೆ, ಕೀವಾಗೈತೆ, ಡಾಕ್ಟ್ರು ಕೂದ್ಲು ತೆಗೆಸದೆ ಔಷಧಿ ಹಚ್ಚಕ್ಕಾಗಲ್ಲ ಅಂತಾರೆ, ಅತ್ತೆನ ಒಂದ್ ಮಾತು ಕೇಳಿ ಹೇಳ್ತೀರಾ. ಅತ್ತೆ ಹೊಲಿಗೆ ಹಾಕಿಸಿಕೊಂಡು ನಿದ್ದೆಯಲ್ಲಿದ್ದಳು. ತೆಗ್ಸಿಬಿಡಮ್ಮ, ಅವಳಿಗೆ ನಾನ್ ಹೇಳ್ತೀನಿ — ಎಂದ, ಕೈಯಲ್ಲಿ ಇಡ್ಲಿ ಹಾಗೇ ಇತ್ತು, ತಿಂದು ಮುಗಿಸಿದ, ಕೈ ತೊಳೆದ, ಒಳಗೆ ಹೋದ, ಹೇಳಲಿಲ್ಲ.

ನಾಳೆ ಹೇಳಿದರಾಯಿತು, ಹೊಲಿಗೆ ಬಿಚ್ಚಿದ ಮೇಲೆ ಹೇಳಿದರಾಯಿತು, ಕಡೂರಿಗೆ ಹೋಗುವ ಕಾರಿನಲ್ಲಿ — ಕಾರಿನಲ್ಲಿ ಅವಳು ಮಗಳಿಗೆಂದು ಕೊಂಡ ಹೊಸ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು, ಹೇಗೆ ಹೇಳುವುದು. ಬಾಗಿಲು ತೆಗೆದು ಭುವನಾ ಓಡಿಬಂದಳು, ನುಣ್ಣಗೆ ಬೋಳಿಸಿದ ತಲೆ, ಅಲ್ಲಲ್ಲಿ ಕೆಂಪು ಔಷಧಿಯ ಕಲೆ, ಕತ್ತಿನ ಹಿಂದೆ ಹುಟ್ಟಿನಿಂದ ಇದ್ದ ಮಚ್ಚೆ ಮೊದಲ ಬಾರಿಗೆ ಬೆಳಕಿಗೆ ಬಂದಿತ್ತು. ಕರಿಬಸಮ್ಮ ಅಳಲಿಲ್ಲ, ಬಾಗಿಲಲ್ಲೇ ನಿಂತು ಸುಮನಾಳಿಗೆ ಅಂದಳು, ನಿಂಗೆ ಬೇಜಾರಾಗಿದ್ರೆ ಒಂದು ಫೋನ್ ಮಾಡಬೇಕಿತ್ತು ಕಣೇ, ಬಂದು ಕರ್ಕೊಂಡ್ ಹೋಗ್ತಿದ್ವಿ, ನಿನ್ ಮಗಳಾಗಿದ್ರೆ ಹಿಂಗೆ ಕುರಿ ಬೋಳಿಸಿದಂಗೆ ಬೋಳಿಸ್ತಿದ್ಯಾ? ಸುಮನಾ ಅವನ ಕಡೆ ನೋಡಿದಳು. ಬರೀ ನೋಡಿದಳು, ಒಂದು ಉಸಿರಿನಷ್ಟು ಹೊತ್ತು, ಮಾವ ಈಗ ಬಾಯಿ ಬಿಡುತ್ತಾರೆ ಎಂದು ಕಾದಳು, ಮಾವ ಬಗ್ಗಿ ಬ್ಯಾಗಿನ ಜಿಪ್ಪು ಎಳೆಯತೊಡಗಿದ, ಮುಚ್ಚಿಯೇ ಇದ್ದ ಜಿಪ್ಪನ್ನು. ತಪ್ಪಾಯ್ತು ಅತ್ತೆ, ಎಂದಳು ಸುಮನಾ. ಅವಳು ಗಂಡನಿಗೂ ಹೇಳಿರಲಿಕ್ಕಿಲ್ಲ, ಆರು ವರ್ಷದಲ್ಲಿ ಒಂದು ಸಲವೂ ಆ ಮಾತು ಎತ್ತಿಲ್ಲ, ಪ್ರತಿ ದೀಪಾವಳಿಗೆ ಕಡೂರಿನ ಬಸ್ಸಿನಲ್ಲಿ ಭುವನಾಳಿಗೆ ಒಂದು ಚೂಡಿದಾರ ಕಳಿಸುತ್ತಾಳೆ, ಅಳತೆ ಒಂದಿಷ್ಟೂ ಹೆಚ್ಚುಕಮ್ಮಿ ಇರುವುದಿಲ್ಲ, ಮುಂದೆ ಗುಂಡಿ ಇಟ್ಟು ಹೊಲಿಸಿರುತ್ತಾಳೆ, ತಲೆಯ ಮೇಲಿಂದ ಹಾಕಿದರೆ ಭುವನಾ ಹೆದರುತ್ತಾಳೆಂದು ಅವಳಿಗೆ ನೆನಪಿದೆ, ಹತ್ತು ದಿನ ನೋಡಿದ್ದು — ಕರಿಬಸಮ್ಮ ಕವರು ಬಿಚ್ಚದೆ ಬೀರುವಿನ ತಳಕ್ಕೆ ಹಾಕುತ್ತಾಳೆ, ಜಯದೇವಪ್ಪ ನೋಡುತ್ತಾನೆ, ಪೇಪರ್ ಓದುತ್ತಾನೆ. ಅವಳ ಸಿಟ್ಟಿಗೆ ಬೇರೊಂದು ಮನೆ ಸಿಕ್ಕಿತ್ತು, ಇವನ ಕಡೆ ತಿರುಗುವುದನ್ನು ಬಿಟ್ಟಿತ್ತು, ನಿಜ ಹೇಳಬೇಕೆಂದರೆ ಮನೆಯಲ್ಲಿ ಆರು ವರ್ಷ ನೆಮ್ಮದಿಯಾಗಿತ್ತು, ಆ ನೆಮ್ಮದಿಯಲ್ಲಿ ಒಬ್ಬನೇ ಕೂತಿದ್ದ, ಒಂದೇ ಕೋಣೆಯಲ್ಲಿ, ಎರಡು ಮಂಚ, ನಡುವೆ ಫ್ಯಾನಿನ ಸದ್ದು.

ಹಾಗಾದ್ರೆ ಖಾಲಿ ಬಿಡೋಣ್ವಾ ಅಮ್ಮ, ಎಂದ ಷಡಕ್ಷರಿ, ಕರಿಬಸಮ್ಮ ಹೂಂ ಎಂದಳು, ಅವಳ ಹೂಂ ಇನ್ನೂ ಗಾಳಿಯಲ್ಲಿತ್ತು — ಕೂದ್ಲು ತೆಗ್ಸು ಅಂದಿದ್ದು ನಾನು. ಯಾರು ಹೇಳಿದ್ದು ಎಂಬಂತೆ ಜಯದೇವಪ್ಪನೇ ಒಂದು ಕ್ಷಣ ಸುತ್ತ ನೋಡಿದ. ಷಡಕ್ಷರಿಗೆ ಅರ್ಥವಾಗಲಿಲ್ಲ, ಕೈ ಕೀಬೋರ್ಡಿನ ಮೇಲೆ ನಿಂತಿತು. ಕರಿಬಸಮ್ಮ ನಿಧಾನವಾಗಿ ತಿರುಗಿದಳು. ಏನಂದ್ರಿ? ತಲೇಲಿ ಗಾಯ ಆಗಿತ್ತಂತೆ, ಕೀವಾಗಿತ್ತಂತೆ, ಡಾಕ್ಟ್ರು ತೆಗೆಸಿ ಅಂದಿದ್ರಂತೆ, ಸುಮನಾ ಫೋನ್ ಮಾಡಿ ನಿನ್ನ ಕೇಳಿ ಹೇಳಿ ಅಂದ್ಲು, ನಾನೇ ತೆಗ್ಸಿಬಿಡು ಅಂದೆ. ಯಾವಾಗ? ಆಪರೇಶನ್ ಆಗಿ ನಾಲ್ಕನೇ ದಿನ. ನಾನೆಲ್ಲಿದ್ದೆ? ಮಲಗಿದ್ದೆ, ನಿದ್ದೆ ಹತ್ತಿತ್ತು ನಿಂಗೆ. ಅವಳು ತಲೆಯಾಡಿಸಿದಳು, ಸರಿ, ಅದು ಸರಿ ಎನ್ನುವ ಹಾಗೆ, ಆಮೇಲೆ ಬಹಳ ಮೆತ್ತಗೆ ಕೇಳಿದಳು — ಎದ್ಮೇಲೆ? ಅದಕ್ಕೆ ಜಯದೇವಪ್ಪ ಹೇಳಬೇಕೆಂದು ಆರು ವರ್ಷ ಕಟ್ಟಿಕೊಂಡ ಉತ್ತರಗಳಿದ್ದವು, ನಿನ್ನ ಹೊಲಿಗೆ, ನಿನ್ನ ಬಿ.ಪಿ., ನಿಂಗೆ ನೋವಾಗಬಾರದು ಅಂತ, ಒಂದೂ ಬಾಯಿಗೆ ಬರಲಿಲ್ಲ. ಬೈಯಲಿ, ಈಗಲಾದರೂ ಬೈಯಲಿ, ವಕೀಲರ ಎದುರೇ ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ಎಡಗೈ ಚಾಚಿದಳು, ಫೋನ್ ಕೊಡಿ, ನಂಬರ್ ಹಚ್ಚಿ ಕೊಡಿ ಅವಳ್ದು. ಹಚ್ಚಿ ಕೊಟ್ಟ. ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೊರಗಿನ ಪಡಸಾಲೆಗೆ ಹೋದಳು, ಗಾಜಿನ ಬಾಗಿಲು ಮುಚ್ಚಿಕೊಂಡಿತು, ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ, ಒಂದು ಸಲ ಬೆನ್ನು ಕುಸಿದ ಹಾಗಾಯಿತು, ಒಂದು ಸಲ ಸೆರಗು ಮುಖದ ಕಡೆ ಹೋಯಿತು, ಆ ಕಡೆಯಿಂದ ಸುಮನಾ ಏನನ್ನುತ್ತಿದ್ದಾಳೋ, ಇಬ್ಬರೂ ಸೇರಿ ಅವನ ಬಗ್ಗೆ ಏನನ್ನುತ್ತಿದ್ದಾರೋ, ಅಥವಾ ಅವನ ಮಾತೇ ಬರುತ್ತಿಲ್ಲವೋ — ಟೀ ತರಿಸ್ಲಾ ಸಾರ್ ಎಂದ ಷಡಕ್ಷರಿ, ಬೇಡ ಎಂದ, ಬೇಡ ಎಂದ ಮೇಲೆ ಬೇಕಿತ್ತು ಅನಿಸಿತು, ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ.

ಒಳಗೆ ಬಂದು ಕೂತವಳ ಕಣ್ಣು ಕೆಂಪಾಗಿತ್ತು, ದನಿ ನೆಟ್ಟಗಿತ್ತು. ಸುಮನಾ ಹೆಸರು ಬರ್ಕೊಳ್ಳಿ, ಓಂಕಾರೇಶಂದಲ್ಲ, ಅವಳ್ದೇ, ನಾಳಿದ್ದು ಆಧಾರ್ ತಗೊಂಡು ಬತ್ತಾಳೆ. ಷಡಕ್ಷರಿಯ ಮುಖ ಅರಳಿತು, ಚುಕ್ಕೆಗಳ ಸಾಲು ಅಳಿಸಿ ಹೆಸರು ಕೂರಿಸಿದ, ಮೂರು ತಿಂಗಳ ಗಂಟು ಬಿಚ್ಚಿತು, ಜಯದೇವಪ್ಪನ ಎದೆಯಿಂದ ಒಂದು ದೊಡ್ಡ ಉಸಿರು ಹೊರಟಿತು, ಆಯಿತು, ಮಗಳಿಗೊಂದು ಮನೆಯಾಯಿತು, ಇನ್ನು ಏನಾದರೂ ಆಗಲಿ — ಅದರ ಮೇಲೆ ಒಂದು ಓದಿದ್ರಲ್ಲ, ಎಂದಳು ಕರಿಬಸಮ್ಮ, ನಾನು ಮೊದ್ಲು ಹೋದ್ರೆ ಇವರೊಬ್ಬರೇ ಅಂತ. ಹೌದಮ್ಮ, ಉಳಿದವರು ಒಬ್ಬರೇ ಟ್ರಸ್ಟಿಯಾಗಿ ಮುಂದುವರೀತಾರೆ. ಅದು ಬ್ಯಾಡ. ಅವತ್ತಿಂದ್ಲೇ ಸುಮನಾನೂ ಇವರ ಜೊತೆ ಇರ್ಲಿ, ಭುವನಾಂದು ಏನೇ ಇದ್ರೂ ಅವಳನ್ನ ಕೇಳದೆ ಆಗಬಾರದು, ಇವರೊಬ್ಬರ ಕೈಲಿ ಬ್ಯಾಡ. ಷಡಕ್ಷರಿ ಜಯದೇವಪ್ಪನ ಕಡೆ ನೋಡದೆ ಪೆನ್ನು ತಿರುಗಿಸಿದ, ಮತ್ತೆ ಕೇಳಲೇಬೇಕಾದ್ದನ್ನು ಕೇಳಿದ, ಸಾರ್ ಮೊದ್ಲು ಹೋದ್ರೆ? ನಾನೊಬ್ಬಳೇ ಸಾಕು, ಎಂದಳು, ಗಂಡನ ಮೇಲಿನ ಸಿಟ್ಟಿನಿಂದಲ್ಲ, ಅಕ್ಕಿ ಎಷ್ಟು ಹಾಕಬೇಕೆಂದು ಹೇಳುವ ದನಿಯಲ್ಲಿ. ನಲವತ್ತೊಂದು ವರ್ಷ ಇವನ ಕಡೆಗೆ ತಿರುಗಿ ಮಾತಾಡಿದವಳು ಈಗ ಮೇಜಿನ ಕಡೆಗೆ ತಿರುಗಿ ಮಾತಾಡುತ್ತಿದ್ದಾಳೆ, ಸರಿಯಾಗಿಯೇ ಹೇಳುತ್ತಿದ್ದಾಳೆ, ಅದೇ ಕಷ್ಟ, ಇವನೇ ವಕೀಲನಾಗಿದ್ದರೂ ಹಾಗೇ ಬರೆಯುತ್ತಿದ್ದ. ನಿಮಗೂ ಒಪ್ಪಿಗೆ ಇರಬೇಕು ಸಾರ್, ಇಬ್ಬರ ಪತ್ರ ಇದು. ಒಪ್ಪಿಗೆ, ಎಂದ ಜಯದೇವಪ್ಪ. ಇಲ್ಲಿ ನೋಡ್ಕೊಳ್ತಾ ಇರಿ ಹಾಗಾದ್ರೆ ಎಂದು ಷಡಕ್ಷರಿ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿ ಹಳೆಯ ಸಾಲು ಅಳಿಸಿ ಹೊಸದಾಗಿ ಹೊಡೆಯತೊಡಗಿದ, ಕರಿಬಸಮ್ಮನವರು ಮೊದಲು ತೀರಿಕೊಂಡ ಪಕ್ಷದಲ್ಲಿ, ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಒಂದ್ನಿಮಿಷ ಸಾರ್ ಎಂದು ಎದ್ದು ಆಚೆ ಹೋದ, ಕರಿಬಸಮ್ಮ ಮಗಳ ಬಾಯಿ ಒರೆಸುತ್ತಿದ್ದಳು, ಬೆಳ್ಳಗಿನ ಪರದೆಯ ಮೇಲೆ ವಾಕ್ಯ ಅರ್ಧಕ್ಕೆ ನಿಂತಿತ್ತು, ಜಯದೇವಪ್ಪನವರು ಒಬ್ಬರೇ — ಅದರ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಗೆರೆ, ಹೊತ್ತಿ ಆರಿ ಹೊತ್ತಿ ಆರಿ, ಮುಂದಿನ ಪದಕ್ಕೆ ಕಾಯುತ್ತ, ಜಯದೇವಪ್ಪನವರು ಒಬ್ಬರೇ, ಹೊತ್ತಿತು, ಆರಿತು, ಜಯದೇವಪ್ಪನವರು ಒಬ್ಬರೇ, ಹೊತ್ತಿತು