ಕಬ್ಬಿಣದ ಗುಳಿಗೆಗೆ ಸಾಕ್ಷಿ

ಗುತ್ತೂರಿನ ಹಂಪವ್ವ ಅಂದರೆ ಏನಂದುಕೊಂಡಿರಿ? ದಾವಣಗೆರೆಯ ಬಟ್ಟೆ ಮಿಲ್ಲಿನ ದವಾಖಾನೆಗೆ ಬಂದ ಮೊದಲ ಹೆಣ್ಣು ಕಾಂಪೌಂಡರ್! ದಿನಾ ಹರಿಹರದಿಂದ ರೈಲು ಹತ್ತಿ ಬರುತ್ತಿದ್ದಳು. ಒಂದು ದಿನ ತಡವಾದವಳಲ್ಲ, ಒಂದು ಅಂಕಿ ಸುಳ್ಳು ಬರೆದವಳಲ್ಲ. ಆ ಹೆಮ್ಮೆ ಅವಳಿಗೆ ತುಸು ಹೆಚ್ಚೇ ಇತ್ತು, ಇರಲಿ ಬಿಡಿ.

ಅರವತ್ತೆರಡನೇ ಇಸವಿಯಲ್ಲಿ ಕಾರ್ಮಿಕರ ಆರೋಗ್ಯ ನಿಧಿಯವರು ಯಾವ ಕಾಯಿಲೆಗೆ ಯಾವ ಔಷಧಿ ಎಂದು ಪಟ್ಟಿ ಮಾಡಲು ಹೊರಟರು. ಪಟ್ಟಿಯಲ್ಲಿಲ್ಲದ್ದು ದವಾಖಾನೆಯಲ್ಲಿ ಸಿಗುವುದಿಲ್ಲ. ರಕ್ತ ಕಡಿಮೆಯಾದ ಹೆಂಗಸರಿಗೆ ಸೀಸೆಯ ಸಿಹಿ ಟಾನಿಕ್ಕೋ, ಕಬ್ಬಿಣಾಂಶದ ಗುಳಿಗೆಯೋ? ಪಟ್ಟಿಗೆ ಸಹಿ ಹಾಕಬೇಕಾದ ಮಿಲ್ಲಿನ ಮ್ಯಾನೇಜರಿಗೆ ಟಾನಿಕ್ಕಿನ ಮೇಲೆ ಮೋಹ. ಆದರೆ ಬಸುರಿಗೆ ನಿಧಿಯಿಂದ ಸಿಗುವುದು ಒಂದೇ ಸೀಸೆ. ಗುಳಿಗೆಯಾದರೆ ಹೆರುವ ತನಕ ಕೊಡಬಹುದು. ಮೈಯಲ್ಲಿ ರಕ್ತವಿಲ್ಲದೆ ಇಬ್ಬರು ಹೆರಿಗೆಯಲ್ಲಿ ಸತ್ತದ್ದನ್ನು ಹಂಪವ್ವ ಕಣ್ಣಾರೆ ಕಂಡಿದ್ದಳು.

"ಬೆಳ್ಳಗಿರೋದೆಲ್ಲ ಹಾಲಲ್ರಿ. ಪರೀಕ್ಷೆ ಮಾಡೇ ನೋಡೋಣ" ಅಂದಳು, ದವಾಖಾನೆಯ ಡಾಕ್ಟರ್ ನಾಗರಾಜಪ್ಪನವರಿಗೆ.

ನೂಲು ಸುತ್ತುವ ಖಾತೆಯ ನಲವತ್ತು ಹೆಂಗಸರಲ್ಲಿ ಇಪ್ಪತ್ತು ಮಂದಿಗೆ ಟಾನಿಕ್, ಇಪ್ಪತ್ತು ಮಂದಿಗೆ ಗುಳಿಗೆ. ತಿಂಗಳಾದ ಮೇಲೆ ಬೆರಳು ಚುಚ್ಚಿ, ರಕ್ತದ ಹನಿಯನ್ನು ಕಾಗದಕ್ಕೆ ಒತ್ತಿ, ಮೆಟ್ಟಿಲು ಮೆಟ್ಟಿಲಾಗಿ ಅಚ್ಚಾದ ಕೆಂಪು ಬಣ್ಣಗಳ ಅಳತೆಪಟ್ಟಿಯ ಪಕ್ಕ ಹಿಡಿದು ನೋಡಿದರೆ, ಅಯ್ಯೋ ಶಿವನೇ, ಗುಳಿಗೆಯವರ ರಕ್ತ ಇದ್ದಲ್ಲೇ ಇತ್ತು! ಟಾನಿಕ್ಕಿನವರದೇ ಒಂಚೂರು ಮೇಲು. ಹಂಪವ್ವ ಹಾಗೆಯೇ ಬರೆದಳು. ಒಂದು ಅಂಕಿಯನ್ನೂ ತಿದ್ದಲಿಲ್ಲ.

ಅಂದು ಸಂಜೆ ನೆಟ್ಟಗೆ ಪಕ್ಕದ ಬಾತಿ ಊರಿಗೆ ಹೋಗಿ, ಗುಳಿಗೆಯ ಗುಂಪಿನಲ್ಲಿದ್ದ ಬಸುರಿ ದುರುಗವ್ವನನ್ನು ಹಿಡಿದಳು.

"ಖರೇ ಹೇಳು, ಗುಳಿಗೆ ನುಂಗಿದ್ಯಾ?"

ದುರುಗವ್ವ ಸೆರಗು ಬಾಯಿಗೆ ಹಿಡಿದಳು. "ಎರಡು ದಿನ ನುಂಗಿದ್ನಕ್ಕಾ. ಬೆಳಿಗ್ಗೆ ಬಯಲಿಗೆ ಹೋದ್ರೆ ಇದ್ದಲಿನಂಗೆ ಕರ್ರಗೆ! ಕರುಳು ಸುಟ್ಟೈತೆ ಅಂತ ಎಲ್ರೂ ತಿಪ್ಪೆಗೆ ಎಸೆದ್ವಿ. ಗಂಡಸ್ ಡಾಕ್ಟ್ರಿಗೆ ಇದ್ನ ಹೆಂಗೆ ಹೇಳೋದು?"

ಹಂಪವ್ವ ಹಣೆ ಚಚ್ಚಿಕೊಂಡಳು. "ನಂದೇ ತಪ್ಪವ್ವ, ಮೊದ್ಲೇ ಹೇಳ್ಬೇಕಿತ್ತು. ಕಬ್ಬಿಣ ಹೊಟ್ಟೆಗೆ ಹೋದ್ರೆ ಕರ್ರಗೇ ಆಗೋದು. ಹೆದರಬ್ಯಾಡ."

ಮರುದಿನ ಡಾಕ್ಟರ ಮುಂದೆ ತಪ್ಪು ಒಪ್ಪಿಕೊಂಡು ಇನ್ನೊಂದು ತಿಂಗಳು ಬೇಡಿದಳು; ಇಪ್ಪತ್ತೂ ಮಂದಿಗೆ ಕಪ್ಪಿನ ಗುಟ್ಟು ಹೇಳಿ ಗುಳಿಗೆ ಕೊಟ್ಟಳು. ಆ ತಿಂಗಳ ಕೊನೆಗೆ ಟಾನಿಕ್ಕಿನವರು ಅಷ್ಟಕ್ಕಷ್ಟೇ; ಗುಳಿಗೆಯವರ ರಕ್ತದ ಬಣ್ಣ ಎರಡು ಮೆಟ್ಟಿಲು ಏರಿತ್ತು.

ನಿಧಿಯ ಸಭೆಯಲ್ಲಿ ಮ್ಯಾನೇಜರು ಲೆಕ್ಕ ನೋಡಿ ಮೂಗು ಮುರಿದರು. "ಹೋದ ಸಲಾನೂ ನುಂಗಿದಾರೆ ಅಂದಿದ್ರಿ. ಈ ಸಲ ನುಂಗಿದ್ದಕ್ಕೆ ಏನು ಸಾಕ್ಷಿ? ಟಾನಿಕ್ಕೇ ಇರಲಿ."

ಉತ್ತರ ಹಂಪವ್ವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟು ಗಂಡಸರ ನಡುವೆ ಆ ಮಾತು ಹೊರಡಲೊಲ್ಲದು. ಪಟ್ಟಿ ಕೈತಪ್ಪಿತು ಅನ್ನುವಾಗ, ಬಾಗಿಲಾಚೆ ಕಾದಿದ್ದ ದುರುಗವ್ವ ಹೊಟ್ಟೆ ಮುಂದು ಮಾಡಿಕೊಂಡು ಒಳಗೇ ನುಗ್ಗಿದಳು.

"ನಾಚಿಕೆ ಬಿಟ್ಟೋಳು ಊರಿಗೆ ದೊಡ್ಡೋಳು ಅಂತಾರಲ್ರಿ, ನಾನೇ ಹೇಳ್ತೀನಿ. ತಿಂಗಳಿಡೀ ಕರ್ರಗೆ ಹೋಗೈತ್ರಿ ಸಾಹೇಬ್ರೇ!"

"ನಂದೂ!" ಅಂದಳು ಹಿಂದಿದ್ದವಳು. "ನಂದೂ ರೀ!" "ನಂದೂ!" ಇಪ್ಪತ್ತೂ ಮಂದಿ ಬಾಗಿಲು ತುಂಬಿ ನಿಂತರು.

ಡಾಕ್ಟರು ನಗುತ್ತ, ಕಬ್ಬಿಣ ಒಳಗೆ ಹೋದ ಗುರುತೇ ಅದು ಎಂದರು. ಕಾರ್ಮಿಕರ ಮುಖಂಡ ಮಕ್ತುಮ್ ಸಾಬ್ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೇ, ಇನ್ನೂ ಸಾಕ್ಷಿ ಬೇಕಂದ್ರೆ ನಾಳೆ ತರಿಸೋಣೇನ್ರಿ?"

"ಬ್ಯಾಡ, ಬ್ಯಾಡ!" ಮ್ಯಾನೇಜರು ಗುಳಿಗೆಯ ಹೆಸರಿನ ಮುಂದೆ ಸಹಿ ಹಾಕಿಯೇ ಬಿಟ್ಟರು.

ಹಂಪವ್ವನ ಕಣ್ಣು ತುಂಬಿದವು. ಇಷ್ಟು ದಿನ ತನ್ನ ಅಂಕಿಗಳ ಬಗ್ಗೆ ಹೆಮ್ಮೆಪಟ್ಟವಳಿಗೆ ಅವತ್ತು ಆ ಇಪ್ಪತ್ತು ಹೆಂಗಸರ ಮೇಲೆ ಎಲ್ಲಿಲ್ಲದ ಹೆಮ್ಮೆ ಬಂತು.