ಬ್ಯಾಡಗಿಯ ಕೈ, ಹಾವೇರಿಯ ಡಬ್ಬಿ

ನನ್ನ ತಮ್ಮ ಹೊಳಿಯಪ್ಪನ ಮಗಳು ರೋಹಿಣಿಗೆ ಗಾಡಿ ಎಂದರೆ ಪ್ರಾಣ, ಊಟ ಎಂದರೆ ಅದಕ್ಕಿಂತ ಒಂದು ಗುಂಜಿ ಹೆಚ್ಚು. ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಸ್ವಂತ ದುಡಿಮೆಯಲ್ಲಿ ಬುಲೆಟ್ ತೆಗೆದುಕೊಂಡವಳು. ರವಿವಾರ ಬಂತೆಂದರೆ ಯಾವುದೋ ಊರಿನ ಯಾವುದೋ ಖಾನಾವಳಿ ಹುಡುಕಿಕೊಂಡು ಹೊರಡುತ್ತಾಳೆ. ಎಲ್ಲಿಯ ರೊಟ್ಟಿ ತೆಳು, ಯಾರ ಮಿರ್ಚಿಯಲ್ಲಿ ಓಮಕಾಳು ಬೀಳುತ್ತದೆ, ಯಾವ ಅಜ್ಜಿ ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಹಾಕುವಾಗ ಕೈ ಬಿಗಿ ಮಾಡುತ್ತಾಳೆ, ಎಲ್ಲವೂ ಅವಳಿಗೆ ಗೊತ್ತು. ಉಂಡದ್ದು ಸೇರಲಿಲ್ಲವೆಂದರೆ ಕೈ ತೊಳೆಯುವ ಮೊದಲೇ ಹೇಳಿಬಿಡುತ್ತಾಳೆ. ಅದೊಂದು ಅವಳ ಗುಣ.

ನೋಡಲು ಬಂದ ವರಗಳೆಲ್ಲ ಅವಳ ಮುಖ ನೋಡಿ ಒಪ್ಪಿದರು, ಅಂಗಳದಲ್ಲಿ ನಿಂತ ಗಾಡಿ ನೋಡಿ ತಪ್ಪಿದರು. ಒಬ್ಬ ಮಾರಿಬಿಡು ಎಂದ. ಒಬ್ಬನ ತಾಯಿ, “ಮದುವಿ ಆದ ಮ್ಯಾಲೆ ಇದನ್ನ ನಮ್ಮ ಹುಡುಗ ಹೊಡೀತಾನ ತಗೋ, ನೀ ಹಿಂದ ಕುಂದ್ರಾಕಂತಿ” ಎಂದಳು. ರೋಹಿಣಿ ಉಪ್ಪಿಟ್ಟಿನ ತಾಟನ್ನು ವಾಪಸು ಒಳಗೆ ಒಯ್ದಳು.

ಈಗ ಬಂದಿರುವುದು ಬ್ಯಾಡಗಿಯ ಚನ್ನೇಶನ ಸಂಬಂಧ. ಮೆಣಸಿನಕಾಯಿ ಬೆಳೆಯುವ ಮನೆತನ. ತಾಯಿಗೆ ಕೈಗಂಟು ನೋವು ಬಂದ ಮೇಲೆ ಒಲೆಯ ಮುಂದೆ ಕುಳಿತ ಹುಡುಗ, ಮತ್ತೆ ಏಳಲೇ ಇಲ್ಲವಂತೆ. ಅಡಿಗೆ ಅಷ್ಟು ಹಿಡಿಸಿತು. ಅವನದೂ ಒಂದು ಗಾಡಿ ಇದೆ. ಎಲ್ಲಿಗಾದರೂ ಹೋಗಿ ಉಂಡು ಬಂದರೆ ಮರುದಿನ ಅದನ್ನು ಮನೆಯಲ್ಲಿ ಮಾಡಿ ನೋಡುತ್ತಾನೆ. ರೋಹಿಣಿ ಇಟ್ಟ ಷರತ್ತು ಒಂದೇ: ತಾಟು ಹಿಡಿದು ಬರುವುದಿಲ್ಲ, ಅವನು ಅಡಿಗೆ ಮಾಡಲಿ, ನಾನು ಉಣ್ಣುತ್ತೇನೆ. ಅವರ ಮನೆಯೂ ಬೇಡ, ತಮ್ಮನ ಮನೆಯೂ ಬೇಡ ಎಂದಾಗ ಹಾವೇರಿಯ ನನ್ನ ಮನೆ ನಿಶ್ಚಯವಾಯಿತು. ತಮ್ಮನ ಮನೆಗೆ ಬಂದು ನಾಲ್ಕು ದಿನ ಇದ್ದ ನಾನು ಹೇಗೂ ಊರಿಗೆ ಮರಳಬೇಕಿತ್ತು. ಹುಡುಗಿಯ ಕಡೆಯ ಹಿರಿಯಳಾಗಿ ಅವಳ ಹಿಂದಿನ ಸೀಟಿಗೆ ನನ್ನನ್ನೇ ಏರಿಸಿದರು.

“ಅತ್ತಿ, ಸೆರಗು ಒಳಗ, ಟೊಪಿಗಿ ಹೊರಗ,” ಎಂದು ರೋಹಿಣಿ ನನ್ನ ತಲೆಗೆ ಹೆಲ್ಮೆಟ್ ತೊಡಿಸಿದಳು. ಅದರ ಮೇಲೆ ನೇರಳೆ ಬಣ್ಣದ ದೊಡ್ಡ ಹೂಗಳಿದ್ದವು. ಗದ್ದದ ಕೆಳಗೆ ಪಟ್ಟಿ ಬಿಗಿಯುತ್ತ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: “ಇವ ನನ್ನ ಮನಸಿಗೆ ಬಂದಾನತ್ತಿ. ಫೋನಿನಾಗ ಮಾತಾಡೇವಿ. ಇದೂ ಮುರದ್ರ ನಾ ಮತ್ತ ಯಾರ ಮುಂದೂ ಕುಂದ್ರಾಕಿ ಅಲ್ಲ.”

ಚಿಕ್ಕಂದಿನಿಂದ ಗುಡಿಯ ಕಟ್ಟೆಯಲ್ಲಿ ಪುರಾಣ ಕೇಳಿ ಬೆಳೆದವಳಿಗೆ ಕೇಳುವುದೇ ರೂಢಿ, ಹೇಳುವುದಲ್ಲ. ಮನಸ್ಸಿನಲ್ಲೇ ಮೈಲಾರಲಿಂಗನಿಗೆ ಕೈ ಮುಗಿದು, ಕೈಯನ್ನು ಅವಳ ಹೆಗಲ ಮೇಲಿಟ್ಟೆ.

ಕದರಮಂಡಲಗಿಯಲ್ಲಿ ಆಂಜನೇಯನ ದರ್ಶನ ಮಾಡಿ ಹೊರಬಂದಾಗ ಚನ್ನೇಶ ಗುಡಿಯ ಮುಂದೆ ನಿಂತಿದ್ದ. ಎತ್ತರದ ಆಳು, ಅಂಗಿಯ ತೋಳು ಮಡಚಿದ್ದ. ಅವನ ಹಿಂದಿನ ಸೀಟಿನಿಂದ ಅವನ ಅಕ್ಕ ಕಾವೇರಿ ಸೊಂಟ ಹಿಡಿದುಕೊಂಡು ಇಳಿದಳು. ಅವಳ ಕೈಯಲ್ಲಿ ಬದನೆಕಾಯಿಯ ಚೀಲ.

“ನಮ್ಮ ಹೊಲದ್ದ ನೋಡ್ರಿ, ಮುಳಗಾಯಿ, ಬೆಳಿಗ್ಗೆ ಕೊಯ್ದದ್ದು,” ಎಂದಳು. “ಎಣಗಾಯಿ ಮಾಡ್ತಾನಂತ. ಶೇಂಗಾ, ಎಳ್ಳು, ಬೆಲ್ಲ ಎಲ್ಲಾ ತಂದೇವಿ. ಖಾರ ಒಂದ ತಂದಿಲ್ಲ. ಬ್ಯಾಡಗಿಂದ ಹಾವೇರಿಗೆ ಖಾರಪುಡಿ ಹೊತ್ಕೊಂಡು ಹ್ವಾದ್ರ ಕಂಡ ಮಂದಿ ನಗತೈತಿ.”

“ಖಾರ ಮನ್ಯಾಗ ಐತಿ ತಗೋ ತಂಗಿ,” ಎಂದೆ. ಇದ್ದದ್ದು ನಿಜ. ಎಂಥ ಖಾರ ಎಂದು ಅವಳು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ಗಾಡಿಗಳು ಹೊರಟವು. ಬ್ಯಾಡಗಿ ದಾಟುವಾಗ ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಹೆಲ್ಮೆಟ್ಟಿನ ಒಳಗೂ ಬಂತು. ನಾನೂ ಸೀನಿದೆ, ಪಕ್ಕದ ಗಾಡಿಯ ಕಾವೇರಿಯೂ ಸೀನಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಮುಂದೆ ಕುಳಿತವರು ಒಬ್ಬರ ಪಕ್ಕಕ್ಕೊಬ್ಬರು ಹೊಂದಿಕೊಂಡು ಹೊಡೆಯುತ್ತಿದ್ದರು. ಲಾರಿ ಬಂದರೆ ಒಮ್ಮೆ ಅವನು ಹಿಂದೆ ಸರಿಯುವನು, ಒಮ್ಮೆ ಇವಳು. ಯಾರೂ ಯಾರಿಗೂ ಸನ್ನೆ ಮಾಡಿದ್ದು ಕಾಣಲಿಲ್ಲ. ಹಿಮ್ಮೇಳದವರು ಪದ ಎತ್ತಿಕೊಳ್ಳುವ ಹಾಗಿತ್ತು.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಬದಿಯಲ್ಲಿ ಕರಬಸಪ್ಪ ಎಂಬವನ ಮಂಡಕ್ಕಿ ಗಾಡಿ ಇದೆ. ಅಲ್ಲಿ ಇಳಿದೆವು. ನನಗೆ ಪೂಜೆ ಆಗುವವರೆಗೆ ಊಟವಿಲ್ಲ, ಚಹಾ ಅಷ್ಟೇ. ರೋಹಿಣಿ ಮಿರ್ಚಿ ಕಚ್ಚಿ, ಮಂಡಕ್ಕಿಯ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಅಗಿದು, ಕರಬಸಪ್ಪನಿಗೆ ಹೇಳಿದಳು:

“ಕಾಕಾ, ಮಿರ್ಚಿ ಭಾಳ ಚಲೋ ಆಗ್ಯಾವು. ಮಂಡಕ್ಕಿ ಒಗ್ಗರಣಿ ಎಣ್ಣಿ ಮಾತ್ರ ನಿನ್ನಿದು.”

“ನಿನ್ನಿದಲ್ಲವಾ,” ಕರಬಸಪ್ಪ ಬಾಣಲೆಯಲ್ಲಿ ಝಾರಿ ತಿರುವುತ್ತ ಹೇಳಿದ. “ಮೊನ್ನಿದು. ನಿನ್ನಿ ಸೂಟಿ ಇತ್ತು.”

ಚನ್ನೇಶನಿಗೆ ನಗು ಬಂದು ಮಂಡಕ್ಕಿ ನೆತ್ತಿಗೇರಿತು. ಕಾವೇರಿ ಅವನ ಬೆನ್ನಿಗೆ ಗುದ್ದಿದಳು. ಅವನು ನೀರು ಕುಡಿದು ಕಣ್ಣೊರೆಸಿಕೊಂಡು, “ಎಲ್ಲಾ ಕಡೆ ಹಿಂಗ ಹೇಳ್ತೀರೇನ್ರಿ?” ಎಂದ.

“ಹೇಳದಿದ್ರ ಅವರು ನಾಳಿಗೂ ಅದ ಎಣ್ಣಿ ಹಾಕ್ತಾರ.”

“ಹಂಗಾದ್ರ ಇವತ್ತ ನನ್ನ ಪರೀಕ್ಷಿ ಬಿಗಿ ಐತಿ.”

“ನೀ ಹೆದರಬ್ಯಾಡೋ,” ಕಾವೇರಿ ಹೇಳಿದಳು. “ನಾಪಾಸಾದ್ರ ಕರಬಸಪ್ಪನ ಜೋಡಿ ಮಂಡಕ್ಕಿ ಗಾಡಿ ಹಚ್ಚಾಕಂತಿ.”

ಹಾವೇರಿಗೆ ಮುಟ್ಟಿ ಬೀಗ ತೆಗೆದೆ. ಚನ್ನೇಶ ಕೈಕಾಲು ತೊಳೆದು ನೇರವಾಗಿ ಅಡಿಗೆಮನೆಗೆ ಹೋದ. ನಾನು ಸ್ನಾನ ಮಾಡಿ ದೇವರ ಮುಂದೆ ಕುಳಿತೆ. ನಮ್ಮ ದೇವರ ಮಾಡ ಅಡಿಗೆಮನೆಗೆ ಅಂಟಿಕೊಂಡೇ ಇದೆ, ನಡುವೆ ಒಂದು ಗೋಡೆ. ಪೂಜೆಗೆ ಕುಳಿತ ಮೇಲೆ ಮಂಗಳಾರತಿ ಆಗುವವರೆಗೆ ನಾನು ಏಳುವುದಿಲ್ಲ, ಮಾತಾಡುವುದೂ ಇಲ್ಲ. ಗುರುಗಳು ಕೊಟ್ಟ ನೇಮ. ಗಂಡನ ಕಾಲದಿಂದ ನಡೆದು ಬಂದದ್ದು, ಒಂದು ದಿನವೂ ತಪ್ಪಿಸಿಲ್ಲ.

ಬಾಯಿ ಮುಚ್ಚಿದರೂ ಕಿವಿ ಮುಚ್ಚುವುದಿಲ್ಲವಲ್ಲ. ಶೇಂಗಾ ಹುರಿಯುವ ಸದ್ದು, ಕಲ್ಲಿನ ಮೇಲೆ ಕುಟ್ಟುವ ಸದ್ದು, ಬದನೆಕಾಯಿಗೆ ಚಾಕು ಇಳಿಯುವ ಮೆತ್ತನೆಯ ಸದ್ದು. ಅದು ಬಲ್ಲವನ ಕೈ ಎಂದು ತಿಳಿಯಿತು. ಅಷ್ಟರಲ್ಲಿ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಯಿತು. ಅದರ ಮುಚ್ಚಳ ಸ್ವಲ್ಪ ಸೊಟ್ಟ. ತೆಗೆದರೆ ಟಪ್ ಎನ್ನುತ್ತದೆ. ಟಪ್ ಎಂದಿತು.

ಅದು ನನ್ನ ಖಾರದ ಡಬ್ಬಿ. ಅದರಲ್ಲಿದ್ದದ್ದು ಬ್ಯಾಡಗಿ ಖಾರವಲ್ಲ. ಒಬ್ಬಳ ಊಟಕ್ಕೆ ಚಿಟಿಕೆಯಲ್ಲಿ ಮುಗಿಯಲೆಂದು, ಪಕ್ಕದ ಮನೆಯ ರಹಿಮತಬಿಯ ಜೊತೆ ಸೇರಿ ಕುಟ್ಟಿಸಿಕೊಂಡ ಗುಂಟೂರು ಕಾಯಿಯ ಪುಡಿ. ಬ್ಯಾಡಗಿಯ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಅದನ್ನು ಹಿಡಿಯಲ್ಲಿ ಹಾಕಬಹುದು. ಇದಕ್ಕೆ ಬಣ್ಣ ಕಡಿಮೆ, ಆದರೆ ಬಾಯಿಗೆ ಬೆಂಕಿ.

ಒಂದು ಚಮಚ ಬಿತ್ತು. ಎರಡನೆಯದು ಬಿತ್ತು. ಮೂರನೆಯದೂ.

“ಯಾಕೋ ಬಣ್ಣ ಬರವಲ್ದಲ್ಲಕ್ಕಾ,” ಚನ್ನೇಶನ ದನಿ.

“ಹಾವೇರಿ ಮಂದಿ ಕೈ ಬಿಗಿ,” ಕಾವೇರಿ ಪಿಸುಗುಟ್ಟಿದಳು. “ಹಳೀ ಪುಡಿ ಇದ್ದೀತು, ಬಣ್ಣ ಹೋಗೇತಿ. ಮನಿಯವರಿಗೆ ಬ್ಯಾಸರ ಆಗತೈತಿ, ಅನ್ನಬ್ಯಾಡ. ಇನ್ನೊಂದಿಷ್ಟು ಹಾಕು.”

ರೋಹಿಣಿ ಅಂಗಳದಲ್ಲಿ ಗಾಡಿಯ ಧೂಳು ಒರೆಸುತ್ತಿದ್ದಳು, ಕರೆಯಲು ಬಾಯಿಲ್ಲ. ಬೇರೆ ಏನೂ ತೋಚದೆ ಗಂಟೆ ಎತ್ತಿಕೊಂಡು ಜೋರಾಗಿ ಬಾರಿಸಿದೆ. ಆ ಕಡೆ ಎಲ್ಲ ಸದ್ದು ನಿಂತಿತು. ಬದುಕಿದೆ ಎಂದುಕೊಂಡು ಕುಳಿತಲ್ಲಿಂದಲೇ ಬಾಗಿಲ ಸಂದಿಯಲ್ಲಿ ನೋಡಿದರೆ, ಅಕ್ಕ ತಮ್ಮ ಇಬ್ಬರೂ ಒಲೆಯ ಮುಂದೆ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದಾರೆ. ಗಂಟೆ ನಿಲ್ಲಿಸಿದೆ. ಚನ್ನೇಶ ಕಣ್ಣು ತೆರೆದು, ಭಕ್ತಿಯಿಂದ ಗಲ್ಲ ಮುಟ್ಟಿಕೊಂಡು, ಇನ್ನೊಂದು ಚಮಚ ಹಾಕಿದ.

ಮತ್ತೆ ಬಾರಿಸಿದೆ. ಮತ್ತೆ ಕೈ ಮುಗಿದರು.

“ಎಷ್ಟು ಭಕ್ತಿ ನೋಡೋ ಆ ಹಿರಿಯಾಕಿದು,” ಎಂದಳು ಕಾವೇರಿ.

ಮೈಲಾರಲಿಂಗಾ, ನೀನೇ ಉಣ್ಣುವವರನ್ನು ಕಾಯಿ ಎಂದು ಆರತಿ ಎತ್ತಿದೆ. ಆರತಿ ಮುಗಿಸಿ ಹಣೆಗೆ ಭಂಡಾರ ಹಚ್ಚಿಕೊಂಡು ಓಡಿ ಬರುವಷ್ಟರಲ್ಲಿ ಚನ್ನೇಶ ತಾಟು ಇಟ್ಟಾಗಿತ್ತು, ರೋಹಿಣಿ ಮೊದಲ ತುತ್ತು ಮುರಿದಾಗಿತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆ ತೇಲುವ ಎಣಗಾಯಿ. ಮೂವರೂ ಅವಳ ಬಾಯಿಯನ್ನೇ ನೋಡಿದೆವು.

ಅವಳು ಅಗಿದಳು. ಕಿವಿಯ ತುದಿ ಕೆಂಪಾಯಿತು. ಎರಡನೆಯ ತುತ್ತಿಗೆ ಮೂಗಿನ ಮೇಲೆ ಬೆವರು. ನೀರಿನ ತಂಬಿಗೆಯ ಕಡೆ ಕಣ್ಣು ಹೋಯಿತು, ಕೈ ಹೋಗಲಿಲ್ಲ.

“ಚಲೋ ಆಗೇತಿ,” ಎಂದಳು.

ಈ ಮಾತನ್ನು ಅವಳ ಬಾಯಲ್ಲಿ ಅಷ್ಟು ಸಪ್ಪಗೆ ನಾನು ಕೇಳಿರಲಿಲ್ಲ. ಚನ್ನೇಶ ಸುಮ್ಮನೆ ಒಂದು ಚೂರು ರೊಟ್ಟಿ ಮುರಿದು, ಅವಳ ತಾಟಿನ ಪಕ್ಕದ ಪಾತ್ರೆಯಿಂದಲೇ ಎಣಗಾಯಿ ತೆಗೆದು ಬಾಯಿಗೆ ಹಾಕಿಕೊಂಡ. ಅವನ ಕಣ್ಣಿನಿಂದ ಎರಡು ಹನಿ ಇಳಿದವು. ಕಾವೇರಿ ತಾನೂ ರುಚಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ನಡೆದಳು.

“ಕರಬಸಪ್ಪನ ಎಣ್ಣಿಗೆ ಅಷ್ಟು ಖಡಕ್ ಹೇಳಿದ್ರಿ,” ಚನ್ನೇಶ ಮೆಲ್ಲಗೆ ಹೇಳಿದ. “ನನಗ ಯಾಕ ಸುಳ್ಳು ಹೇಳಿದ್ರಿ?”

ರೋಹಿಣಿ ತಾಟು ನೋಡುತ್ತಲೇ ಅಂದಳು: “ಕರಬಸಪ್ಪ ಎದ್ದು ಹೋದ್ರ ನನಗೇನೂ ಆಗೂದಿಲ್ಲ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಿವಿ ಕೆಂಪಾಗುವ ಸರದಿ ಅವನದು. ಅದಕ್ಕೆ ಗುಂಟೂರು ಕಾರಣವಲ್ಲ.

“ನಾ ಎಲ್ಲಿ ಹೋಗ್ಲಿ,” ಎಂದ. “ಆದರ ನಂದೊಂದು ಮಾತು. ಅಡಿಗಿ ಕೆಟ್ರ ಕೆಟ್ಟೇತಿ ಅನ್ನಬೇಕು. ಇಲ್ಲಂದ್ರ ನಾನೂ ನಾಳಿಗೆ ಅದ ಎಣ್ಣಿ ಹಾಕ್ತೀನಿ.”

“ಕೆಟ್ಟೇತಿ,” ರೋಹಿಣಿ ಕೂಡಲೇ ಅಂದಳು. “ಭಾಳ ಕೆಟ್ಟೇತಿ. ನೀರು ಕೊಡ್ರಿ ಮೊದ್ಲ.”

ತಂಬಿಗೆ ಪೂರ್ತಿ ಖಾಲಿ ಮಾಡಿದಳು. ಆಗ ನಾನು ಡಬ್ಬಿಯ ಕಥೆ ಹೇಳಿದೆ. ಗಂಟೆಯ ಕಥೆಯನ್ನೂ ಹೇಳಿದೆ. ಹಿತ್ತಲಿನಿಂದ ಬಂದ ಕಾವೇರಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. “ನಾವು ಕೈ ಮುಗದೇವಲ್ರಿ ಅತ್ತಿ. ಎರಡು ಸಲ.”

“ಪುಣ್ಯಾ ಬಂತು ತಗೋ,” ಎಂದೆ. “ಎಣಗಾಯಿ ಹೋತು.”

“ಹೋಗಿಲ್ಲ,” ಚನ್ನೇಶ ಆಗಲೇ ಪಾತ್ರೆ ಒಲೆಗೇರಿಸಿದ್ದ. “ಶೇಂಗಾ ಪುಡಿ ಇನ್ನೂ ಐತಿ. ಬೆಲ್ಲ, ಹುಣಸಿಹುಳಿ ಹಾಕಿ ಕುದಸ್ತೀನಿ. ಮ್ಯಾಲೆ ಗಟ್ಟಿ ಮೊಸರು ಸಿಕ್ರ ದಾರಿಗೆ ಬರತೈತಿ.”

ನನಗೆ ಮೊಸರು ಕೊಡುತ್ತಿದ್ದ ರಹಿಮತಬಿಯ ಎಮ್ಮೆ ಬತ್ತಿತ್ತು. ರೋಹಿಣಿ ಎದ್ದು ನಿಂತಳು. “ಹೊಸರಿತ್ತಿ ರಸ್ತೆಗೆ ಒಬ್ಬ ಅಜ್ಜ ಗಡಿಗಿ ಮೊಸರು ಮಾರ್ತಾನ. ಕೈಯಾಗ ಕೊಯ್ಯೂವಂಗ ಇರತೈತಿ. ನಾ ತರ್ತೀನಿ.”

“ಗಡಿಗಿ ಹಿಡದು ಗಾಡಿ ಹ್ಯಾಂಗ ಹೊಡೀತಿ?” ಎಂದಳು ಕಾವೇರಿ. “ನಮ್ಮ ಚನ್ನಾ ಹೊಡೀಲಿ, ನೀ ಹಿಂದ ಕುಂತು ಹಿಡಕೋ.”

ಉಪ್ಪಿಟ್ಟಿನ ತಾಟು ವಾಪಸು ಒಳಗೆ ಹೋದದ್ದು ಇದೇ ಮಾತಿಗೆ. ಕಾವೇರಿಗೆ ಅದು ಗೊತ್ತಿರಲಿಲ್ಲ, ಕೆಟ್ಟ ಮನಸ್ಸಿನಿಂದ ಹೇಳಿದವಳೂ ಅಲ್ಲ. ರೋಹಿಣಿಯ ಮುಷ್ಟಿ ಗಾಡಿಯ ಕೀಲಿಯ ಮೇಲೆ ಬಿಗಿಯಾದದ್ದು ನನಗೆ ಕಂಡಿತು.

ಚನ್ನೇಶ ಒಲೆಯ ಉರಿ ಸಣ್ಣದು ಮಾಡಿ, ತನ್ನ ಕೀಲಿಯನ್ನು ಜೇಬಿನಿಂದ ತೆಗೆದು ನನ್ನ ಗೋಡೆಯ ಗೂಟಕ್ಕೆ ಹಾಕಿದ. “ದಾರಿ ಅವರಿಗೆ ಗೊತ್ತೈತಕ್ಕ,” ಎಂದ. “ಗಾಡೀನೂ ಅವರದು. ಗಡಿಗಿ ನಾ ಹಿಡೀತೀನಿ. ಇದನ್ನ ಅಡಿ ಹತ್ತದಂಗ ನೋಡ್ಕೋ.”

ಇಬ್ಬರೂ ಹೊರಗೆ ಹೋದರು. ಗಾಡಿ ಗುಡುಗಿತು, ಓಣಿಯ ತಿರುವಿನಲ್ಲಿ ಸದ್ದು ಸಣ್ಣದಾಯಿತು. ಕಾವೇರಿ ಸೌಟು ಹಿಡಿದು ಒಲೆಯ ಮುಂದೆ ಕುಳಿತು, “ನನಗ ಮೂವತ್ತು ಸಲ ಹೇಳ್ಯಾನ್ರಿ, ನನ್ನ ಗಾಡಿ ಯಾರ ಕೈಯಾಗೂ ಕೊಡೂದಿಲ್ಲ, ಯಾರ ಹಿಂದೂ ಕುಂದ್ರೂದಿಲ್ಲ ಅಂತ,” ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು.

ಅಷ್ಟರಲ್ಲಿ ತಮ್ಮನ ಫೋನು ಬಂತು.

“ಅಕ್ಕಾ, ಏನಾತು? ಊಟ ಹ್ಯಾಂಗಿತ್ತು?”

“ಬಾಯಿಗೆ ಹಾಕ್ಕೊಳ್ಳೂವಂಗ ಇರಲಿಲ್ಲೋ ಹೊಳಿಯಪ್ಪ.”

ಆ ಕಡೆಯಿಂದ ಒಂದು ನಿಟ್ಟುಸಿರು. “ಹೋಗ್ಲಿ ಬಿಡು. ಗಾಡಿ ಮಾತೂ ಬಂದಿರಬೇಕು.”

“ಬಂತು. ಹುಡುಗ ನಿನ್ನ ಮಗಳ ಹಿಂದ ಕುಂತು ಮೊಸರು ತರಾಕ ಹೋಗ್ಯಾನ.”

ತಮ್ಮ ಗಂಟಲು ಸರಿ ಮಾಡಿಕೊಂಡು ಕೇಳಿದ: “ಹೆಲ್ಮೆಟ್ ಹಾಕ್ಯಾನಿಲ್ಲ?”

ನಾನು ಬಾಗಿಲ ಪಕ್ಕದ ಗೂಡಿನ ಕಡೆ ನೋಡಿದೆ. ಚನ್ನೇಶನ ಕರಿ ಹೆಲ್ಮೆಟ್ ಅಲ್ಲೇ ಇತ್ತು, ನಾನು ತೊಟ್ಟು ಬಂದದ್ದು ಇರಲಿಲ್ಲ.

“ಹಾಕ್ಯಾನ,” ಎಂದೆ. “ನೇರಳಿ ಹೂವಿಂದು.”