ಸುಮ್ಮನಿರಬೇಕಾದ ಸ್ಕ್ರಿಪ್ಟು

ಮುಂದಿನ ಬೆಂಚಿನವನ ಕಿವಿಯ ಹಿಂದೆ ಸೋಪಿನ ನೊರೆ ಒಣಗಿ ಅಂಟಿಕೊಂಡಿದೆ, ದೇವರೆದುರು ಬರುವಾಗಲಾದರೂ ನೆಟ್ಟಗೆ ತೊಳೆದುಕೊಳ್ಳಬಾರದೇ, ಬಿನ್ ಮಹಮೂದ್ ಬಡಾವಣೆಯ ಬ್ಯಾಚುಲರ್ ರೂಮಿನವನೇ ಇರಬೇಕು, ಒಂದೇ ಬಚ್ಚಲಿಗೆ ಮನೆಯಿಡೀ ಸಾಲು, ಥಿಯೋಡೋರ್ ಮುಖ ತಿರುಗಿಸಿದ, ತಿರುಗಿಸಿದರೆ ಅತ್ತ ಕೊಯರ್‌ನವರು, ಗಲ್ಫಿನ ರಜಾದಿನ ಶುಕ್ರವಾರ ಬಂತೆಂದರೆ ಅದೇ ಜರ್ಟ್ರೂಡ್ ಬಾಯಿ ಅದೇ ಅಪಶ್ರುತಿ, ಫಾದರ್ ಪ್ರವಚನಕ್ಕೆ ನಿಂತರೆ ಮುಗಿಸುವುದು ಎಲ್ಲಿ ಎಂದು ಅವರಿಗೇ ಗೊತ್ತಿಲ್ಲ, ಥೇಟ್ ಆಫೀಸಿನಲ್ಲಿ ತನ್ನ ಕೈಕೆಳಗಿನ ಲಕ್ಷ್ಮೀಪತಿಯ ಸ್ಕ್ರಿಪ್ಟು — ಜೇಬಿನಲ್ಲಿ ಫೋನು ನಡುಗಿತು, ಹಂಝ, ಕಂಪೆನಿಯ ಸ್ಟೋರ್ ನೋಡಿಕೊಳ್ಳುವ ಉಳ್ಳಾಲದವ, ಪಾಸ್‌ವರ್ಡ್ ಮರೆತಿರುತ್ತಾನೆ, ವಾರಕ್ಕೊಮ್ಮೆ ಮರೆಯದಿದ್ದರೆ ಅವನಿಗೆ ತಿಂದ ಅನ್ನ ಕರಗುವುದಿಲ್ಲ, ರಜೆಯ ದಿನವೂ ಬಿಡುವುದಿಲ್ಲವಲ್ಲ, ನಡುಗಲಿ ಬಿಡು, ಪಕ್ಕದಿಂದ ಹೆಂಡತಿ ಕೊನ್ಸೆಪ್ಟಾ, ಅದನ್ನೊಮ್ಮೆ ಬಂದ್ ಮಾಡಿ ಮಾರಾಯ್ರೆ, ಎಲ್ಲ ತಿರುಗಿ ನೋಡ್ತಾ ಇದ್ದಾರೆ, ನೋಡಲಿ, ನೋಡುವವರೇನು ದೊಡ್ಡ ಸಂತರೇ. ಲಕ್ಷ್ಮೀಪತಿಯಾದರೂ ಎಂಥವ, ಹೈದರಾಬಾದಿನ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಪ್ರೋಗ್ರಾಮರ್ ಆಗುತ್ತಾನೆಯೇ, ಬರೆದದ್ದೇನು, ಕಂಪೆನಿಯ ಆಳುಗಳು ದೇಶ ಬಿಟ್ಟು ಹೊರಡಲು ಬೇಕಾದ ಎಕ್ಸಿಟ್ ಪರ್ಮಿಟ್‌ಗಳಲ್ಲಿ ಬಳಸದೆ ಬಿದ್ದವನ್ನೆಲ್ಲ ವರ್ಷದ ಕೊನೆಗೆ ರದ್ದು ಮಾಡುವ ಒಂದು ಸ್ಕ್ರಿಪ್ಟು, ಅದಕ್ಕೊಂದು ಗಾಂಭೀರ್ಯ ಬೇರೆ, ಸರ್ ನೀವೊಮ್ಮೆ ಟೆಸ್ಟ್ ಮಾಡಿ ಕೊಡಿ ಎಂದು ಹಲ್ಲು ಕಿರಿದು ನಿಂತಿದ್ದ ನಿನ್ನೆ ಮಧ್ಯಾಹ್ನ. ಎಷ್ಟು ಸಲ ಹೇಳಿಲ್ಲ ಈ ಕತ್ತೆಗಳಿಗೆ, ಹೆಸರು ಹಿಡಿದು ಓಡಿಸಿದರೆ ಮಾತ್ರ ಸ್ಕ್ರಿಪ್ಟು ಕೆಲಸ ಮಾಡಬೇಕು, ಯಾರಾದರೂ ಪರೀಕ್ಷೆಗೆಂದು ಒಳಗಿನ ಫಂಕ್ಷನ್‌ಗಳನ್ನಷ್ಟೇ ಎತ್ತಿಕೊಂಡರೆ ತೆಪ್ಪಗಿರಬೇಕು, ಪಕ್ಕದ ಮನೆಯಿಂದ ಪಾತ್ರೆ ತಂದ ಮಾತ್ರಕ್ಕೆ ನಮ್ಮ ಮನೆಯಲ್ಲಿ ಅಡುಗೆ ಶುರುವಾಗುತ್ತದೆಯೇ, ಅದಕ್ಕೆಂದೇ ಕೊನೆಯಲ್ಲಿ ಒಂದು ಷರತ್ತಿನ ಸಾಲು, ಒಂದೇ ಸಾಲು, ಅದನ್ನು ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ. ಥಿಯೋಡೋರ್ ಫೈಲು ತೆರೆದು ಅರ್ಧ ಓದಿದ್ದ, ಇಂಥ ಬರವಣಿಗೆಯನ್ನು ಕೊನೆತನಕ ಓದುವ ಸಹನೆ ಯಾರಿಗಿದೆ, ನೇರ ಲೋಡ್ ಮಾಡಿದ, ತಾರೀಕು ನೋಡುವ ಫಂಕ್ಷನ್ ಪರೀಕ್ಷಿಸಿದ, ಸರಿಯಿತ್ತು, ಲೋಡ್ ಆಗಲು ಮಾತ್ರ ತುಸು ಹೊತ್ತು ಹಿಡಿಯಿತು, ಸೋಮಾರಿ ಬರೆದದ್ದು ಸೋಮಾರಿಯಾಗಿಯೇ ಇರುತ್ತದೆ ಎಂದು ನಕ್ಕು ಟೀ ಕುಡಿಯಲು ಎದ್ದಿದ್ದ.

ಮತ್ತೆ ನಡುಗಿತು, ಈಗ ಮೆಸೇಜು, ಬೆಂಚಿನ ಕೆಳಗೆ ಹಿಡಿದು ಓದಿದ, ಸರ್ ಉಮ್ಮ ತೀರಿಹೋದರು, ಏರ್‌ಪೋರ್ಟಿನಲ್ಲಿದ್ದೇನೆ, ಉಮ್ಮ ಸೀರಿಯಸ್ ಅಂತ ನಿನ್ನೆ ಬೆಳಿಗ್ಗೆ ಕೊಟ್ಟ ಪರ್ಮಿಟ್ ಕ್ಯಾನ್ಸಲ್ ಅಂತ ಹೇಳ್ತಾರೆ, ಒಮ್ಮೆ ನೋಡಿ ಸರ್. ತಾಯಿ ಸತ್ತ ದಿನವೂ ಯಾರದೋ ಎಡವಟ್ಟು, ಇಮಿಗ್ರೇಷನ್ ಕೌಂಟರಿನವನಿಗೆ ಕಣ್ಣು ಕಾಣುವುದಿಲ್ಲ, ನಿನ್ನೆ ಕೊಟ್ಟದ್ದು ಇಷ್ಟು ಬೇಗ ಹೇಗೆ ರದ್ದಾಗುತ್ತದೆ, ರದ್ದು ಮಾಡುವ ಸ್ಕ್ರಿಪ್ಟು ಓಡಿಯೇ ಇಲ್ಲ, ಬರೇ ಲೋಡ್ — ತುಸು ಹೊತ್ತು ಹಿಡಿಯಿತು. ಫಂಕ್ಷನ್ ಎತ್ತಿಕೊಳ್ಳಲು ಹೊತ್ತು ಹಿಡಿಯುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಆಗಬೇಕು, ಹೊತ್ತು ಹಿಡಿಯುವುದು ಕೆಲಸ ಮಾಡುವಾಗ. ಲೋಡ್ ಮಾಡಿದೊಡನೆ ಇಡೀ ಸ್ಕ್ರಿಪ್ಟು ತಾನಾಗಿ ಓಡಿ, ಬಳಸದ ಪರ್ಮಿಟುಗಳೆಲ್ಲ ರದ್ದಾಗಿದ್ದವು. ಷರತ್ತಿನ ಸಾಲು ಇರಲಿಲ್ಲ, ಬೇವರ್ಸಿ ಲಕ್ಷ್ಮೀಪತಿ ಇಟ್ಟಿರಲಿಲ್ಲ, ಇಟ್ಟಿಲ್ಲವೆಂದು ಓದಿದ್ದರೆ ಗೊತ್ತಾಗುತ್ತಿತ್ತು, ಓದಿರಲಿಲ್ಲ, ಎಲ್ಲಿಗೆ ಹೊರಟ್ರಿ ಪೂಜೆಯ ಮಧ್ಯೆ ಎಂದಳು ಕೊನ್ಸೆಪ್ಟಾ, ಅವನಾಗಲೇ ಮೊಣಕಾಲುಗಳನ್ನು ದಾಟಿ ಹೊರಗೆ, ಪಾರ್ಕಿಂಗಿನ ಬಿಸಿಲಿಗೆ, ಮಂದೂಬ್ ಮೊಯ್ದಿನ್‌ಗೆ ಫೋನು, ಸರಕಾರಿ ಕಚೇರಿಯ ಕಾಗದಪತ್ರವೆಲ್ಲ ಅವನ ಕೈಯಲ್ಲೇ, ಮೊಯ್ದಿನ್ ಆಕಳಿಸುತ್ತ, ಇವತ್ತು ಮಾಫಿ ಸರ್, ಆಗುದೇ ಇಲ್ಲ, ಹೊಸ ಪರ್ಮಿಟಿಗೆ ಕಂಪೆನಿ ಧಣಿ ಅರ್ಬಾಬ್ ಸಹಿಯೇ ಬೇಕು, ಅವರು ಮರಳುಗಾಡಿನ ಕ್ಯಾಂಪಿಗೆ ಹೋಗಿದ್ದಾರೆ, ಫೋನ್ ಸಿಗುದಿಲ್ಲ, ಆಫೀಸು ತೆರೆಯುದು ಇನ್ನು ಭಾನುವಾರವೇ. ಏರ್‌ಪೋರ್ಟಿನ ಗಾಜಿನ ಕೆಳಗಿನ ಸಂದಿಯಿಂದ ಹಂಝನ ಪಾಸ್‌ಪೋರ್ಟು ಹಿಂದಕ್ಕೆ ಸರಿದು ಬರುತ್ತದೆ, ನೋಡದೆಯೂ ಕಾಣುತ್ತಿದೆ, ಪೊಲೀಸಿನವನ ಎರಡು ಬೆರಳು, ಕಡುನೀಲಿ ಪುಸ್ತಕ.

ಮತ್ತೆ ಹಂಝನ ಕರೆ, ಎತ್ತಿ, ಹಂಝಾ, ಎಂದ. ಸರ್, ನೀವು ಎತ್ತಿದ್ರಲ್ಲ, ಅಲ್‌ಹಮ್ದುಲಿಲ್ಲಾ, ನಂಗೆ ಧೈರ್ಯ ಬಂತು, ಮುಂಬೈಯಿಂದ ಸಂಜೆಯ ಮಂಗಳೂರು ಫ್ಲೈಟ್ ಸಿಕ್ಕಿದ್ರೆ ಸಾಕು, ರಾತ್ರಿಯ ಇಶಾ ನಮಾಝ್ ಆಗುವವರೆಗೆ ಉಮ್ಮನ ಮಯ್ಯತ್ ಎತ್ತದೆ ಇಡ್ತೇವೆ ಅಂತ ಅಣ್ಣ ಹೇಳಿದ್ದಾನೆ, ಮುಖ ಒಂದು ನೋಡ್ಬೇಕು ಸರ್. ಹೇಳಿಬಿಡು ಥಿಯೋಡೋರ್, ನಾನೇ ಮಾಡಿದ್ದು ಎನ್ನು, ಪಾಸ್‌ಪೋರ್ಟು ಸರಿದು ಬಂತು, ಸಿಸ್ಟಮ್ ಪ್ರಾಬ್ಲಂ ಹಂಝ, ಎಂದ, ತನ್ನ ಬಾಯಿಂದಲೇ ಬಂದ ಮಾತು ಕೇಳಿ ಹೇಸಿಗೆಯಾಯಿತು, ಇದೇ ಮಾತು ಹೇಳುವವರನ್ನಲ್ಲವೇ ಇಷ್ಟು ವರ್ಷ ನಾಯಿಗಿಂತ ಕಡೆಯಾಗಿ ಕಂಡದ್ದು, ಭಾನುವಾರ ಹೊಸ ಪರ್ಮಿಟ್ ಮಾಡಿಸಿಕೊಡ್ತೇನೆ, ಎಂದ. ಆಯ್ತು ಸರ್, ಸಿಸ್ಟಮ್ ಅಂದ್ರೆ ನೀವಾದ್ರೂ ಎಂತ ಮಾಡುದು, ಊರಿಗೆ ಹೇಳ್ತೇನೆ, ನನ್ನನ್ನು ಕಾಯುದು ಬೇಡ, ಮಯ್ಯತ್ ಎತ್ತಲಿಕ್ಕೆ ಹೇಳ್ತೇನೆ, ನಿಮಗೆ ರಜೆಯಲ್ಲಿ ತೊಂದರೆ ಕೊಟ್ಟೆ. ಲಕ್ಷ್ಮೀಪತಿಯನ್ನು ಬಯ್ಯಬೇಕು, ಬಯ್ಗುಳ ಒಂದೂ ನೆನಪಾಗುತ್ತಿಲ್ಲ, ಭಾನುವಾರ, ಭಾನುವಾರ ಯಾರ ಮುಖ ನೋಡಲು, ಗಾಜಿನ ಕೆಳಗಿನ ಸಂದಿ, ಎರಡು ಬೆರಳು, ಪಾಸ್‌ಪೋರ್ಟು ಹಿಂದಕ್ಕೆ ಸರಿದು ಬರುತ್ತದೆ, ಎತ್ತಿಕೊಳ್ಳುವ ಹಂಝನ ಕೈ ಇನ್ನೂ ಮುಂದೆ ಬಂದಿಲ್ಲ, ಪಾಸ್‌ಪೋರ್ಟು ಹಿಂದಕ್ಕೆ ಸರಿದು ಬರುತ್ತದೆ